ಎಲೆಯಿಲ್ಲದೆ ಬಂದ ಹೂವಿಗೆ ಹೆಸರು ಹುಡುಕಿದ ಮೂರು ತಿಂಗಳು

ಏಪ್ರಿಲ್ 19, ಶನಿವಾರ ಬೆಳಿಗ್ಗೆ ಆರೂವರೆ. ಹಿಂದಿನ ರಾತ್ರಿ ಅಶ್ವಿನಿ ಮಳೆ ಒಂದು ಸಲ ಚೆನ್ನಾಗಿ ಹೊಯ್ದು ಹೋಗಿತ್ತು. ಬಚ್ಚಲ ಗೋಡೆ ಪಕ್ಕದ ಪಾತಿಯಲ್ಲಿ ಏನೋ ಬೆಳ್ಳಗೆ ಕಂಡಿತು. ಗಾಳಿಗೆ ಹಾರಿ ಬಂದ ಕಾಗದ ಇರಬೇಕು ಅಂತ ಎತ್ತಲು ಬಗ್ಗಿದೆ. ಕಾಗದ ಅಲ್ಲ, ಹೂವು. ಬರೀ ಹೂವು. ಗಿಡ ಇಲ್ಲ, ಕಾಂಡ ಇಲ್ಲ, ಒಂದೇ ಒಂದು ಎಲೆಯೂ ಇಲ್ಲ. ಒದ್ದೆ ಮಣ್ಣಿನ ಮೇಲೆ ಯಾರೋ ತಂದಿಟ್ಟ ಹಾಗೆ ಎರಡು ಹೂವು ಅಕ್ಕಪಕ್ಕ ಕೂತಿದ್ದವು.

ಆ ಪಾತಿ ನಮ್ಮ ಅತ್ತೆಯದು. ಮೈಸೂರಿನ ಕುವೆಂಪುನಗರದ ಈ ಮನೆಯಲ್ಲಿ ಅವರು ಒಬ್ಬರೇ ಇದ್ದರು. ಹೋದ ಕಾರ್ತಿಕದಲ್ಲಿ ತೀರಿಕೊಂಡರು. ಡಿಸೆಂಬರಿನಲ್ಲಿ ನಾವು ಹುಬ್ಬಳ್ಳಿಯಿಂದ ಇಲ್ಲಿಗೆ ಬಂದೆವು. ಬಂದಾಗ ಆ ಪಾತಿಯಲ್ಲಿ ಒಣ ತರಗು ಬಿಟ್ಟರೆ ಏನೂ ಇರಲಿಲ್ಲ. ನಾಲ್ಕು ತಿಂಗಳು ಅಲ್ಲಿ ಏನೂ ಹುಟ್ಟಲಿಲ್ಲ. ಸುಮ್ನೆ ಜಾಗ ಹಾಳು, ಕಲ್ಲು ಹಾಸಿದರೆ ಸ್ಕೂಟರ್ ನಿಲ್ಲಿಸಬಹುದು ಅಂತ ಮನೆಯಲ್ಲಿ ಮಾತಾಗಿ, ಗಾರೆ ಮೇಸ್ತ್ರಿಗೆ 3,000 ರೂಪಾಯಿ ಮುಂಗಡವನ್ನೂ ಕೊಟ್ಟಿದ್ದೆವು. ಸೋಮವಾರ ಕೆಲಸ ಶುರು ಆಗಬೇಕಿತ್ತು.

ಹೂವಿನ ಮುಂದೆ ಕುಕ್ಕರುಗಾಲಲ್ಲಿ ಕೂತೆ. ಮೇಲೆ ಎದ್ದು ನಿಂತ ಎರಡು ಅಗಲ ಬಿಳಿ ಎಸಳು. ಕೆಳಗೆ ನಾಲಗೆಯ ಹಾಗೆ ಚಾಚಿಕೊಂಡ ತಿಳಿ ನೇರಳೆ ಎಸಳು, ನಡುವೆ ಸೀಳು. ಸುತ್ತ ರಿಬ್ಬನ್ನಿನಂಥ ಸಣ್ಣ ಬಿಳಿ ಪಟ್ಟಿಗಳು. ಮೂಗು ಹತ್ತಿರ ತಂದರೆ ಹಿತವಾದ ವಾಸನೆ. ಮಳೆಗೆ ಮಣ್ಣು ಸಿಡಿದು ಒಂದು ಎಸಳಿನ ಮೇಲೆ ಕೆಂಪು ಚುಕ್ಕೆಗಳಾಗಿದ್ದವು. ಇದನ್ನು ನೆಟ್ಟವರು ಇಲ್ಲ, ಇದರ ಹೆಸರು ನನಗೆ ಗೊತ್ತಿಲ್ಲ, ಇನ್ನೆರಡು ದಿನದಲ್ಲಿ ಇದರ ಮೇಲೆ ನಾವೇ ಕಲ್ಲು ಹಾಸುವವರಿದ್ದೆವು. ಅಲ್ಲೇ ಕೂತು ಅತ್ತುಬಿಟ್ಟೆ.

ಹೆಸರು ಗೊತ್ತಾಗಲು ಮೂರು ತಿಂಗಳು ಹಿಡಿಯಿತು. ನಿಮ್ಮ ಹಿತ್ತಲಲ್ಲೂ ಹೀಗೆ ಗೊತ್ತಿಲ್ಲದ್ದು ಏನಾದರೂ ಅರಳಿದರೆ ನಾನು ಕಳೆದಷ್ಟು ದಿನ ನೀವು ಕಳೆಯಬಾರದು ಅಂತ ಎಲ್ಲವನ್ನೂ ತಾರೀಕಿನ ಸಮೇತ ಬರೆಯುತ್ತಿದ್ದೇನೆ.

ಮೊದಲು ಮಾಡಿದ್ದು ಎಲ್ಲರೂ ಮಾಡುವುದೇ. ಫೋನಿನಲ್ಲಿ ಫೋಟೋ ತೆಗೆದು ಗಿಡ ಗುರುತಿಸುವ ಆ್ಯಪ್‌ಗೆ ಹಾಕಿದೆ. ಮೊದಲ ಫೋಟೋಗೆ ಆರ್ಕಿಡ್ ಅಂತ ಬಂತು. ಸ್ವಲ್ಪ ಪಕ್ಕದಿಂದ ತೆಗೆದದ್ದಕ್ಕೆ ಐರಿಸ್ ಅಂತ ಬಂತು. ಮೂರನೆಯದಕ್ಕೆ ಬೇರೆ ಜಾತಿಯ ಇನ್ನೊಂದು ಆರ್ಕಿಡ್. ಪ್ರತಿ ಸಲವೂ ಜೊತೆಗೆ ಚಂದದ ಚಿತ್ರಗಳು ಬರುತ್ತಿದ್ದವು. ನೋಡಿದರೆ ಹೌದು ಅನ್ನಿಸುತ್ತಿತ್ತು, ಮತ್ತೆ ಹೊರಗೆ ಹೋಗಿ ಹೂವು ನೋಡಿದರೆ ಅಲ್ಲ ಅನ್ನಿಸುತ್ತಿತ್ತು.

ಮನೆಯವರ ವಾಟ್ಸಾಪ್ ಗುಂಪಿಗೆ ಫೋಟೋ ಹಾಕಿದೆ. ಒಬ್ಬರು ಬ್ರಹ್ಮಕಮಲ ಅಂದರು. ಒಬ್ಬರು ಸುಗಂಧಿ ಅಂದರು. ಒಬ್ಬರು ಅದು ವಿಷದ ಗೆಡ್ಡೆ, ಮಗು ಇರೋ ಮನೆ, ಕಿತ್ತು ಬಿಸಾಕಿ ಅಂದರು. ನಮ್ಮ ಮಗಳಿಗೆ ನಾಲ್ಕು ವರ್ಷ. ಆ ಮಾತು ಓದಿ ಹೆದರಿಕೆಯಾಗಿ ಪಾತಿಯ ಸುತ್ತ ನಾಲ್ಕು ಇಟ್ಟಿಗೆ ಇಟ್ಟು, ಹಳೆಯ ಕುಕ್ಕೆ ಮುಚ್ಚಿದೆ. ಇದನ್ನು ನೀವೂ ಮಾಡಿ. ಹೆಸರು ಗೊತ್ತಾಗುವವರೆಗೆ ಮಕ್ಕಳನ್ನು ದೂರ ಇಡಿ, ಯಾವ ಭಾಗವನ್ನೂ ಬಾಯಿಗೆ ಹಾಕಬೇಡಿ. ಕೋಳಿಕುಟುಮದಂಥ ಚಂದದ ಹೂವಿನ ಗೆಡ್ಡೆಯಲ್ಲೂ ಕೊಲ್ಲುವಷ್ಟು ವಿಷ ಇರುತ್ತದೆ.

ಸಂಜೆ ಅತ್ತೆಯ ತಂಗಿ ಕೊಪ್ಪದಿಂದ ಫೋನ್ ಮಾಡಿದರು. ಅವರ ಹತ್ತಿರ ಫೋಟೋ ನೋಡುವ ಫೋನ್ ಇಲ್ಲ. ನಾನು ಬಾಯಲ್ಲೇ ಹೇಳಿದೆ.

"ನೆಲದಿಂದಲೇ ಬಂದದ್ದಾ? ಹಾಗಾದ್ರೆ ನೆಲಸಂಪಿಗೆ ಇರ್ಬೇಕು ಮಾರಾಯ್ತಿ. ನಮ್ಮ ತವರಲ್ಲಿ ತುಳಸಿಕಟ್ಟೆ ಹತ್ರ ಇತ್ತು."

"ಸಂಪಿಗೆ ಮರ ಅಲ್ವಾ ಚಿಕ್ಕಮ್ಮಾ? ಇದು ಬೆಳ್ಳಗಿದೆ. ಆ ವಾಸನೆಯೂ ಅಲ್ಲ."

"ಹಂಗಾರೆ ನಂಗೆ ಗೊತ್ತಾಗ್ಲಿಲ್ಲ. ಹೆಸರು ಮಾತ್ರ ನೆನಪಿರೋದು."

ಅಲ್ಲಿಗೆ ಮಾತು ಬೇರೆ ಕಡೆ ಹೋಯಿತು. ಸಂಪಿಗೆ ಅಂದರೆ ಕೆಂಡಸಂಪಿಗೆ ಮರವೇ ಕಣ್ಣ ಮುಂದೆ ಬಂದಿತ್ತು ನನಗೆ. ಆ ಹೆಸರನ್ನು ಒಂದು ಚೀಟಿಯಲ್ಲೂ ಬರೆದಿಡಲಿಲ್ಲ. ಈಗ ನೆನೆಸಿಕೊಂಡರೆ ಬೇಜಾರಾಗುತ್ತದೆ. ವಯಸ್ಸಾದವರು ಒಂದು ಹೆಸರು ಹೇಳಿದರೆ ನಂಬಿ ಅಂತ ನಾನು ಹೇಳುವುದಿಲ್ಲ, ಯಾಕೆಂದರೆ ಒಂದೇ ಹೆಸರಿನಲ್ಲಿ ಊರಿಗೊಂದು ಗಿಡ ಇರುತ್ತದೆ. ಆದರೆ ಬರೆದಿಟ್ಟುಕೊಳ್ಳಿ. ಯಾರು ಹೇಳಿದರು, ಯಾವ ಊರಿನವರು, ಅದನ್ನು ಎಲ್ಲಿ ನೋಡಿದ್ದರು ಅಂತಲೂ ಬರೆದಿಡಿ.

ಅಂದು ಸಂಜೆಗೆ ಪಾತಿಯಲ್ಲಿದ್ದ ಹೂವು ಬಾಡಿ ಹೋಯಿತು. ಒದ್ದೆ ಟಿಶ್ಯೂ ಕಾಗದದ ಹಾಗೆ ಮುದ್ದೆಯಾಗಿ ಮಣ್ಣಿಗೆ ಅಂಟಿಕೊಂಡಿತು. ಇನ್ನೊಂದನ್ನು ಬೆಳಿಗ್ಗೆಯೇ ಚಿವುಟಿ ಡಬ್ಬಿಯಲ್ಲಿ ಹಾಕಿ ಫ್ರಿಜ್ಜಿನಲ್ಲಿ ಇಟ್ಟಿದ್ದೆ. ಭಾನುವಾರ ತೆಗೆದು ನೋಡಿದರೆ ಅದೂ ನೀರು ನೀರಾಗಿತ್ತು. ಹೂವು ಇರುವುದೇ ಒಂದು ದಿನ ಅಂತ ಆಗ ಗೊತ್ತಾಯಿತು. ಪುಣ್ಯಕ್ಕೆ ಭಾನುವಾರ ಬೆಳಿಗ್ಗೆ ಅದೇ ಜಾಗದಿಂದ ಇನ್ನೊಂದು ಅರಳಿತ್ತು.

ಸೋಮವಾರ ಮೇಸ್ತ್ರಿ ಇಬ್ಬರು ಆಳುಗಳ ಜೊತೆ ಬಂದರು. ಕೆಲಸ ಮುಂದಕ್ಕೆ ಹಾಕೋಣ ಅಂದೆ. ಅವರ ಮುಖ ಸಣ್ಣದಾಯಿತು, ಅದು ನ್ಯಾಯವೇ. ಆ ದಿನ ಬೇರೆ ಕಡೆಯ ಕೆಲಸ ಬಿಟ್ಟು ಬಂದಿದ್ದರು. ಆಳುಗಳ ಅರ್ಧ ದಿನದ ಕೂಲಿ ಅಂತ 1,200 ರೂಪಾಯಿ ಕೊಟ್ಟೆ. ಮುಂಗಡ ಅವರ ಹತ್ತಿರವೇ ಇರಲಿ ಅಂದೆ. ನನ್ನ ಗಂಡ ಆಫೀಸಿಂದ ಬಂದ ಮೇಲೆ ಪಾತಿ ನೋಡಿ, "ಎರಡು ವರ್ಷದ ಹಿಂದೆ ದಸರೆಗೆ ಬಂದಾಗ ಅಲ್ಲಿ ಅರಿಶಿನ ಇತ್ತಪ್ಪ. ಅಮ್ಮ ಅರಿಶಿನ ಹಾಕಿದ್ರು ಅನ್ಸುತ್ತೆ" ಅಂದರು. ಆ ಒಂದು ಮಾತಿನಿಂದ ಎರಡು ದಿನ ನಾನು ಬರೀ ಅರಿಶಿನದ ಹೂವಿನ ಚಿತ್ರ ನೋಡುತ್ತಾ ಕೂತೆ. ಯಾವುದೂ ಹೋಲಲಿಲ್ಲ.

ಬುಧವಾರ ಒಂದು ನರ್ಸರಿಗೆ ಹೋದೆ. ಫೋಟೋ ನೋಡಿದ ಕೂಡಲೇ ಗ್ರೌಂಡ್ ಆರ್ಕಿಡ್ ಅಂದರು. ಅಲ್ಲೇ ಕುಂಡದಲ್ಲಿದ್ದ ಒಂದನ್ನು ತೋರಿಸಿದರು. ಮೊಗ್ಗು ಇತ್ತು, ಹೂವು ಇರಲಿಲ್ಲ. ಮನೆಗೆ ತಂದು ಪಕ್ಕ ಇಟ್ಟು ನೋಡೋಣ ಅಂತ 180 ರೂಪಾಯಿ ಕೊಟ್ಟು ಕೊಂಡೆ. ಮನೆಯಲ್ಲಿ ನೋಡಿದರೆ ಯಾವ ಸಂಬಂಧವೂ ಇಲ್ಲ. ಅದರ ಎಲೆ ಸೀರೆಯ ನೆರಿಗೆಯ ಹಾಗೆ ಮಡಿಕೆ ಮಡಿಕೆ. ಮೊಗ್ಗು ಇದ್ದದ್ದು ಒಂದು ಮೊಳದ ದಂಟಿನ ತುದಿಯಲ್ಲಿ. ನಮ್ಮದಕ್ಕೆ ದಂಟೇ ಇಲ್ಲವಲ್ಲ. ಕೊಂಡು ತರುವ ಅಗತ್ಯ ಇರಲಿಲ್ಲ, ನರ್ಸರಿಯಲ್ಲೇ ಎರಡು ನಿಮಿಷ ನಿಂತು ಹೋಲಿಸಿದ್ದರೆ ಸಾಕಿತ್ತು.

ನಿಜವಾದ ದಾರಿ ಸಿಕ್ಕಿದ್ದು ಶುಕ್ರವಾರ, 25ನೇ ತಾರೀಕು. ಗೆಳತಿಯೊಬ್ಬಳ ಪರಿಚಯದ ಸಸ್ಯಶಾಸ್ತ್ರ ಉಪನ್ಯಾಸಕಿ ಇದ್ದರು. ಪರೀಕ್ಷೆಯ ಕೆಲಸದಲ್ಲಿದ್ದರು, ಎರಡು ದಿನ ಸಿಗಲಿಲ್ಲ. ಸಿಕ್ಕ ಮೇಲೆ ಫೋನಿನಲ್ಲಿ ಒಂದರ ಹಿಂದೆ ಒಂದು ಪ್ರಶ್ನೆ ಕೇಳಿದರು. ಹೂವಿನ ಬುಡದಲ್ಲಿ ನಳಿಕೆ ಇದೆಯಾ? ಎಷ್ಟು ಉದ್ದ? ಕೇಸರ ಎಷ್ಟು? ಒಂದು ಗುಂಪಿನಿಂದ ಒಟ್ಟು ಎಷ್ಟು ಹೂವು ಬಂತು? ಮಣ್ಣಿನ ಕೆಳಗೆ ಬೇರಾ, ಗೆಡ್ಡೆಯಾ, ಈರುಳ್ಳಿ ತರಹದ್ದಾ? ಒಂದಕ್ಕೂ ನನ್ನ ಹತ್ತಿರ ಉತ್ತರ ಇರಲಿಲ್ಲ. ಐವತ್ತಕ್ಕೂ ಹೆಚ್ಚು ಫೋಟೋ ಇದ್ದವು, ಎಲ್ಲ ಮೇಲಿಂದ ತೆಗೆದವು.

"ಹೂವು ಇನ್ನೂ ಬರ್ತಿದೆಯಾ?" ಅಂದರು.

"ಒಂದು ಮೊಗ್ಗಿದೆ ಮೇಡಂ. ನಾಳೆ ಅರಳಬಹುದು. ಅದೇ ಕೊನೆಯದು ಅನ್ಸುತ್ತೆ."

"ಚಿವುಟಬೇಡಿ. ನಾಳೆ ಎಂಟು ಗಂಟೆಗೆ ನಾನೇ ಬರ್ತೀನಿ."

ಬಂದರು. ಚಮಚದ ಹಿಡಿಯಿಂದ ಹೂವಿನ ಸುತ್ತ ಮಣ್ಣು ಸಡಿಲ ಮಾಡಿದರು. ಬೆರಳು ಇಳಿಸಿ ನಿಧಾನವಾಗಿ ಮೇಲೆತ್ತಿದರು. ಅಬ್ಬಾ, ಮಣ್ಣಿನ ಮೇಲೆ ಕಾಣುತ್ತಿದ್ದದ್ದು ಹೂವಿನ ಅರ್ಧ ಭಾಗ ಮಾತ್ರ. ಕೆಳಗೆ ಬೆರಳುದ್ದದ ಬಿಳಿ ನಳಿಕೆ, ಅದರ ಸುತ್ತ ಕಂದು ನೇರಳೆ ಬಣ್ಣದ ಕವಚ. ನಾನು ಮೊದಲ ದಿನ ಚಿವುಟಿದಾಗ ಇದೆಲ್ಲ ಮಣ್ಣಲ್ಲೇ ಉಳಿದಿತ್ತು.

ಊಟದ ಬಿಳಿ ತಟ್ಟೆ ಕೇಳಿದರು. ಹೂವನ್ನು ಅದರಲ್ಲಿ ಮಲಗಿಸಿ, ಹೊಸ ಬ್ಲೇಡಿನಿಂದ ನಳಿಕೆಯನ್ನು ಉದ್ದಕ್ಕೆ ಸೀಳಿದರು. ನನ್ನ ಕೈಗೆ ಭೂತಗನ್ನಡಿ ಕೊಟ್ಟರು. ಸುತ್ತ ಇದ್ದ ಸಣ್ಣ ಬಿಳಿ ಪಟ್ಟಿಗಳೇ ಇದರ ನಿಜವಾದ ಎಸಳುಗಳು, ಅವು ಮೂರು. ಮೇಲೆ ಎದ್ದು ನಿಂತಿದ್ದ ಎರಡು ಅಗಲ ಬಿಳಿ ಭಾಗಗಳು ಎಸಳೇ ಅಲ್ಲ. ಅವು ಪರಾಗ ಬಿಡುವುದನ್ನು ನಿಲ್ಲಿಸಿ ಎಸಳಿನ ರೂಪಕ್ಕೆ ಬಂದ ಕೇಸರಗಳು. ಆ ನೇರಳೆ ನಾಲಗೆಯೂ ಹಾಗೇ ಆದದ್ದು. ಪರಾಗ ಇರುವ ಕೇಸರ ಒಂದೇ ಒಂದು. ಅದರ ನೆತ್ತಿಯಲ್ಲಿ ಸಣ್ಣ ಬಿಳಿ ಕಿರೀಟ, ಮೀನಿನ ಬಾಲದ ಹಾಗೆ ಎರಡಾಗಿ ಸೀಳಿತ್ತು. ಆ ಕೇಸರದ ಎರಡು ಪರಾಗದ ಚೀಲಗಳ ಸಂದಿಯಲ್ಲಿ, ಸೂಜಿಗೆ ಪೋಣಿಸಿದ ದಾರದ ಹಾಗೆ ಒಂದು ಎಳೆ ಹಾದು ಮೇಲೆ ಬಂದಿತ್ತು. ಅದು ಹೂವಿನ ಹೆಣ್ಣು ಭಾಗ. ಬ್ಲೇಡಿನ ತುದಿಯಿಂದ ಅದನ್ನು ಮೆಲ್ಲಗೆ ಎತ್ತಿ ತೋರಿಸಿ, "ಈ ದಾರ ಹೀಗೆ ಇದ್ದರೆ ಶುಂಠಿ, ಅರಿಶಿನ, ಏಲಕ್ಕಿ ಕುಟುಂಬ. ಆರ್ಕಿಡ್ ಅಲ್ಲ, ಐರಿಸ್ ಅಲ್ಲ" ಅಂದರು.

ಒಂದು ವಾರದಲ್ಲಿ ಮೊದಲ ಸಲ ಯಾರೋ ಕಾರಣ ಹೇಳಿ ಮಾತಾಡಿದ್ದರು. ಎದೆಯ ಭಾರ ಎಷ್ಟೋ ಇಳಿಯಿತು.

ಆದರೆ ಹೆಸರು ಹೇಳಲಿಲ್ಲ. ಅರಿಶಿನದ ಜಾತಿಯಲ್ಲೂ ಎಲೆಗಿಂತ ಮೊದಲು ಹೂವು ಬಿಡುವವು ಇವೆ, ಕಸ್ತೂರಿ ಅರಿಶಿನ ಹಾಗೇ. ಆದರೆ ಅರಿಶಿನದ ಹೂಗೊಂಚಲು ಒಂದರ ಮೇಲೊಂದು ಜೋಡಿಸಿದ ಜೇಬುಗಳ ಗೋಪುರದ ಹಾಗೆ ಇರುತ್ತದೆ, ಹೂವು ಆ ಜೇಬುಗಳ ಒಳಗಿಂದ ಇಣುಕುತ್ತದೆ. ನಮ್ಮದು ಹಾಗಿರಲಿಲ್ಲ. ಕೆಂಫೇರಿಯಾ ಅನ್ನುವ ಗುಂಪಿನದು ಇರಬೇಕು ಅಂದರು. ಆ ಗುಂಪಿನಲ್ಲೂ ಹೂವಿನಲ್ಲಿ ಹೋಲುವ ಹಲವು ಜಾತಿಗಳಿವೆ. "ಎಲೆ ನೋಡದೆ ನಾನು ಹೆಸರು ಬರೆಯಲ್ಲ. ಮಳೆ ಬರಲಿ, ಎಲೆ ಬಂದೇ ಬರುತ್ತೆ" ಅಂದರು. ಸೀಳಿದ ಹೂವನ್ನು ಗಾಜಿನ ಬಾಟಲಿಯಲ್ಲಿ ಹಾಕಿ, ಮೆಡಿಕಲ್ ಶಾಪಿನಲ್ಲಿ ಸಿಗುವ ಸರ್ಜಿಕಲ್ ಸ್ಪಿರಿಟ್ ತುಂಬಿಸಿ ಇಡಲು ಹೇಳಿದರು. ಬಣ್ಣ ಹೋಗುತ್ತದೆ, ಆಕಾರ ಉಳಿಯುತ್ತದೆ. ಅದಕ್ಕೇ ಬಣ್ಣವನ್ನು ಮೊದಲೇ ಬರೆದಿಡಬೇಕು. ಸ್ಪಿರಿಟ್ 70 ರೂಪಾಯಿ, ಭೂತಗನ್ನಡಿ ನಾನೇ ಒಂದು ಕೊಂಡೆ, 250. ಇಡೀ ಹುಡುಕಾಟದಲ್ಲಿ ಅತಿ ಉಪಯೋಗಕ್ಕೆ ಬಂದ ಹಣ ಇವೆರಡು.

ಹೂವು ಒಂದೇ ದಿನದ್ದಾದರೆ ನೀವು ಅದೇ ದಿನ ಮಾಡಬೇಕಾದ ಕೆಲಸ ಇಷ್ಟು. ಮೇಲಿಂದ, ಪಕ್ಕದಿಂದ, ಹಿಂದಿನಿಂದ ಫೋಟೋ. ಪಕ್ಕದಲ್ಲಿ ಒಂದು ಸ್ಕೇಲು. ಬುಡ ಸಮೇತ ಎತ್ತಿದ ಒಂದು ಹೂವು, ಸೀಳಿ ಒಂದು ಫೋಟೋ, ಆಮೇಲೆ ಸ್ಪಿರಿಟ್ಟಿಗೆ. ವಾಸನೆ ಹೇಗಿದೆ, ಎಷ್ಟು ಗಂಟೆಗೆ ಅರಳಿತು, ಎಷ್ಟು ಗಂಟೆಗೆ ಬಾಡಿತು ಅಂತ ಒಂದು ಚೀಟಿ. ಇಷ್ಟಿದ್ದರೆ ತಿಳಿದವರು ಮಾತಾಡಲು ಶುರು ಮಾಡುತ್ತಾರೆ.

ಮೇ ತಿಂಗಳು ಬರೀ ಕಾಯುವುದು. ಏಪ್ರಿಲ್ 28ಕ್ಕೆ ಒಂದು ಸಂಸ್ಥೆಯ ಹರ್ಬೇರಿಯಂಗೆ, ಅಂದರೆ ಒಣಗಿಸಿದ ಗಿಡಗಳನ್ನು ಹಾಳೆಗೆ ಅಂಟಿಸಿ ಇಡುವ ಜಾಗಕ್ಕೆ, ಫೋಟೋಗಳನ್ನು ಮೇಲ್ ಮಾಡಿದೆ. ದಿನಾ ಮೂರು ಸಲ ಮೇಲ್ ತೆರೆದು ನೋಡುತ್ತಿದ್ದೆ. ಹತ್ತೊಂಬತ್ತು ದಿನ ಉತ್ತರ ಬರಲಿಲ್ಲ. ಫೋನ್ ಮಾಡಿದರೆ ಸಂಬಂಧಪಟ್ಟವರು ಫೀಲ್ಡಿಗೆ ಹೋಗಿದ್ದಾರೆ ಅನ್ನುತ್ತಿದ್ದರು. ಕೊನೆಗೆ ಮೇ 17ಕ್ಕೆ ಎರಡು ಸಾಲು ಬಂತು. ಹೂವು ಮತ್ತು ಎಲೆ ಎರಡೂ ಇರುವ ಮಾದರಿ ಕಳಿಸಿ, ಸಂಗ್ರಹದ ವಿವರ ಜೊತೆಗಿರಲಿ ಅಂತ. ಹೂವಿನ ಕಾಲ ಮುಗಿದು ಮೂರು ವಾರ ಆಗಿತ್ತು. ಎಲೆ ಬರುವ ಹೊತ್ತಿಗೆ ಹೂವಿಲ್ಲ, ಹೂವಿರುವಾಗ ಎಲೆಯಿಲ್ಲ. ಅಡುಗೆಮನೆ ಶೆಲ್ಫಿನ ಮೇಲಿದ್ದ ಆ ಬಾಟಲಿ ಇಲ್ಲದಿದ್ದರೆ ಒಂದು ವರ್ಷ ಕಾಯಬೇಕಿತ್ತು.

ಈ ನಡುವೆ ಒಂದು ಅಡ್ಡದಾರಿಗೂ ಹೋದೆ. ಕೆಂಫೇರಿಯಾ ಅಂತ ಹುಡುಕಿದಾಗ ಕಚೋರ ಅನ್ನುವ ಹೆಸರು ಸಿಕ್ಕಿತು. ದೇವರಾಜ ಮಾರುಕಟ್ಟೆ ಹತ್ತಿರದ ಗ್ರಂಧಿಗೆ ಅಂಗಡಿಯಲ್ಲಿ ಕೇಳಿದೆ. ಒಣಗಿದ ಬಿಲ್ಲೆಗಳನ್ನು ಪೊಟ್ಟಣ ಕಟ್ಟಿ ಕೊಟ್ಟರು. ಘಮ್ಮೆನ್ನುವ ವಾಸನೆ. ಆದರೆ ಕಚೋರ ಅನ್ನುವ ಹೆಸರಿನಲ್ಲಿ ಒಂದಕ್ಕಿಂತ ಹೆಚ್ಚು ಗೆಡ್ಡೆಗಳು ನಡೆಯುತ್ತವೆ. ಕೆಂಫೇರಿಯಾ ಗಲಂಗಾಕ್ಕೂ ಹಾಗೇ ಅನ್ನುತ್ತಾರೆ, ಬಿಳಿ ಅರಿಶಿನದ ಜಾತಿಯ ಗೆಡ್ಡೆಗೂ ಅನ್ನುತ್ತಾರೆ. ಒಣಗಿದ ಬಿಲ್ಲೆ ನೋಡಿ ಹಿತ್ತಲ ಗಿಡ ಗುರುತಿಸಲು ಆಗುವುದಿಲ್ಲ. ಅದೇ ಹೊತ್ತಿಗೆ ಸಂಬಂಧಿಕರೊಬ್ಬರು ಫೋನ್ ಮಾಡಿ, ಆ ಗೆಡ್ಡೆ ಊತಕ್ಕೆ ಒಳ್ಳೆಯದಂತೆ, ಒಂದು ಕೊಡು, ತೇಯ್ದು ಹಚ್ಚುತ್ತೇನೆ ಅಂದರು. ಕೊಡಲಿಲ್ಲ. ಅವರಿಗೆ ಬೇಜಾರಾಯಿತು. ಹೆಸರೇ ಖಾತ್ರಿ ಇಲ್ಲದ ಗೆಡ್ಡೆಯನ್ನು ಯಾರ ಮೈಗೂ ಹಚ್ಚಲು ಕೊಡಬಾರದು ಅಂತ ಈಗಲೂ ಹೇಳುತ್ತೇನೆ.

ನೀರಿನ ಬಗ್ಗೆಯೂ ಒಂದು ಮಾತು. ಎಲೆ ಬೇಗ ಬರಲಿ ಅಂತ ನಾನು ದಿನಾ ನೀರು ಹಾಕುತ್ತಿದ್ದೆ. ಉಪನ್ಯಾಸಕಿ ಕೇಳಿ ಗದರಿದರು. ಇಂಥ ಗೆಡ್ಡೆಗಳು ಎಲೆ ಇಲ್ಲದ ಹೊತ್ತಲ್ಲಿ ಜಾಸ್ತಿ ನೀರು ಕುಡಿಯುವುದಿಲ್ಲ, ಕೊಳೆತು ಹೋಗುತ್ತವೆ. ಅಂದಿನಿಂದ ನಿಲ್ಲಿಸಿದೆ. ರಾತ್ರಿ ಮಲಗಿದಾಗ ಕೊಳೆತೇ ಹೋಗಿದ್ದರೆ ಏನು ಮಾಡಲಿ ಅನ್ನುವ ಯೋಚನೆ. ಅತ್ತೆ ಉಳಿಸಿಕೊಂಡು ಬಂದದ್ದು ನನ್ನ ಕೈಯಲ್ಲಿ ಹೋಯಿತಾ ಅಂತ. ಒಂದು ಸಲ ಮಣ್ಣು ಕೆದಕಿ ನೋಡೋಣ ಅಂತ ಚಮಚ ಹಿಡಿದು ಹೋಗಿದ್ದೆ, ಅರ್ಧದಲ್ಲಿ ವಾಪಸ್ ಬಂದೆ.

ಮೇ 20, ಕೃತ್ತಿಕಾ ಮಳೆ. ಮರುದಿನ ಬೆಳಿಗ್ಗೆ ಪಾತಿಯಲ್ಲಿ ಪೆನ್ಸಿಲ್ಲಿನ ತುದಿಯಂಥ ಮೂರು ಮೊಳಕೆ. ಬಣ್ಣ ಹಸಿರಲ್ಲ, ಕಡು ನೇರಳೆ. ಬಿಗಿಯಾಗಿ ಸುತ್ತಿದ ಸುರುಳಿ. ಮಗಳನ್ನು ಕರೆದು ತೋರಿಸಿದೆ. ಹದಿನೈದು ದಿನದಲ್ಲಿ ಮೊದಲ ಸುರುಳಿ ಬಿಚ್ಚಿಕೊಂಡಿತು. ಎಲೆಯ ಮೇಲ್ಭಾಗದಲ್ಲಿ ನಡುನರದ ಎರಡೂ ಕಡೆ ಕಡುಹಸಿರು ಪಟ್ಟೆ, ಅದರಾಚೆ ಬೆಳ್ಳಿ ಸವರಿದಂಥ ತಿಳಿಹಸಿರು. ಎಲೆ ನೇರ ಮೇಲಕ್ಕೆ ನಿಂತಿತ್ತು. ತಿರುಗಿಸಿ ನೋಡಿದರೆ ಅಡಿಭಾಗವೆಲ್ಲ ನೇರಳೆ. ಬೆರಳಾಡಿಸಿದರೆ ಎಳೆ ಮಗುವಿನ ಕೆನ್ನೆಯ ಹಾಗೆ ನವಿರಾದ ರೋಮ. ಸ್ಕೇಲಿಟ್ಟು ನೋಡಿದೆ, 24 ಸೆಂಟಿಮೀಟರ್ ಉದ್ದ, 9 ಅಗಲ.

ಎಲೆಯ ಫೋಟೋವನ್ನು ಆ್ಯಪ್‌ಗೆ ಹಾಕಿದರೆ ಈ ಸಲ ಕ್ಯಾಲಥಿಯಾ ಅಂತ ಬಂತು. ಮನೆಯೊಳಗೆ ಕುಂಡದಲ್ಲಿ ಇಡುತ್ತಾರಲ್ಲ, ಆ ಪಟ್ಟೆಪಟ್ಟೆ ಎಲೆಯ ಗಿಡ. ಬರೀ ಎಲೆ ನೋಡಿದರೆ ಆ ತಪ್ಪು ಯಾರಿಗಾದರೂ ಆಗುತ್ತದೆ. ಹೂವಿನ ಫೋಟೋ ಮತ್ತು ಎಲೆಯ ಫೋಟೋ ಎರಡನ್ನೂ ಒಟ್ಟಿಗೆ ಹಾಕಿದಾಗ ಮೊದಲ ಬಾರಿಗೆ ಕೆಂಫೇರಿಯಾ ಅನ್ನುವ ಹೆಸರು ಪಟ್ಟಿಯಲ್ಲಿ ಬಂತು. ಅಂದರೆ ಯಂತ್ರಕ್ಕೂ ಎರಡೂ ಬೇಕಿತ್ತು. ಕೆಂಫೇರಿಯಾ ಗಲಂಗಾ ಅಲ್ಲ ಅಂತ ನನಗೇ ಗೊತ್ತಾಯಿತು. ಅದರ ಎಲೆ ಅಗಲವಾಗಿ ನೆಲಕ್ಕೆ ಅಂಟಿಕೊಂಡು ಮಲಗಿರುತ್ತದೆ, ಹೂವು ಎಲೆಗಳ ನಡುವೆಯೇ ಬರುತ್ತದೆ.

ಮುಂದಿನ ಕಷ್ಟ ಗಿಡ ಒಣಗಿಸುವುದು. ಒಂದು ಗಿಡವನ್ನು ಗೆಡ್ಡೆ ಸಮೇತ ಎತ್ತಿದೆ. ಸಣ್ಣ ಶುಂಠಿಯಂಥ ಗೆಡ್ಡೆ, ಅದರಿಂದ ಇಳಿದ ಬೇರುಗಳ ತುದಿಯಲ್ಲಿ ಗುಂಡು ಗುಂಡು ಗಂಟುಗಳು. ತೊಳೆದು, ದಪ್ಪ ಇರುವುದರಿಂದ ಉದ್ದಕ್ಕೆ ಸೀಳಿ, ದಿನಪತ್ರಿಕೆಗಳ ನಡುವೆ ಹರಡಿ, ಮೇಲೆ ಮಣೆ ಇಟ್ಟು, ಮಣೆಯ ಮೇಲೆ ರುಬ್ಬುಗುಂಡು ಇಟ್ಟೆ. ಒಂದು ಎಲೆ ಮೇಲ್ಮುಖ, ಒಂದು ಎಲೆ ಕೆಳಮುಖ ಇರಬೇಕು. ಎರಡು ಬದಿಯೂ ಕಾಣಬೇಕಲ್ಲ. ಪೇಪರ್ ದಿನಾ ಬದಲಿಸಬೇಕು. ಜೂನ್ ಎರಡನೇ ವಾರ ಜಿಟಿಜಿಟಿ ಮಳೆ, ಊರಿಂದ ನೆಂಟರು ಬಂದಿದ್ದರು, ಎರಡು ದಿನ ಬದಲಿಸಲು ಆಗಲಿಲ್ಲ. ತೆಗೆದು ನೋಡಿದರೆ ಬೂಷ್ಟು. ಒಂದು ಗಿಡ ಸುಮ್ನೆ ಹಾಳಾಯಿತು. ಕಣ್ಣಲ್ಲಿ ನೀರು ಬಂತು, ಅಷ್ಟು ಹೊತ್ತಿಗೆ ಮೊಳೆತಿದ್ದದ್ದೇ ಏಳು ಗಿಡ.

ಎರಡನೆಯ ಸಲ ಪೇಪರನ್ನು ಇಸ್ತ್ರಿಪೆಟ್ಟಿಗೆಯಲ್ಲಿ ಬೆಚ್ಚಗೆ ಮಾಡಿ ಬದಲಿಸಿದೆ. ಮೊದಲ ನಾಲ್ಕು ದಿನ ಬೆಳಿಗ್ಗೆ ಒಂದು ಸಲ, ಸಂಜೆ ಒಂದು ಸಲ. ಹನ್ನೊಂದು ದಿನಕ್ಕೆ ಎಲೆ ಹಪ್ಪಳದ ಹಾಗೆ ಗರಿಗರಿಯಾಯಿತು. ಮಳೆಗಾಲದಲ್ಲಿ ಒಣಗಿಸುವವರು ಈ ಬೆಚ್ಚಗಿನ ಪೇಪರಿನ ಉಪಾಯ ಮರೆಯಬೇಡಿ.

ಜುಲೈ 8ರಂದು ಆ ಹರ್ಬೇರಿಯಂಗೆ ಅಂತ ಬೆಂಗಳೂರಿಗೆ ಹೊರಟೆ. ಸಾಮಾನ್ಯ ಬಸ್ಸು, ಶಕ್ತಿ ಯೋಜನೆಯಲ್ಲಿ ಟಿಕೆಟ್ಟಿಗೆ ಹಣ ಇಲ್ಲ. ಎರಡು ರಟ್ಟಿನ ನಡುವೆ ಒಣಗಿದ ಗಿಡ, ಚೀಲದಲ್ಲಿ ಬಟ್ಟೆ ಸುತ್ತಿದ ಹೂವಿನ ಬಾಟಲಿ, ಫೋಟೋಗಳ ಪ್ರಿಂಟ್, ತಾರೀಕಿನ ಚೀಟಿ. ರಟ್ಟು ಮಡಚಬಾರದು ಅಂತ ಉದ್ದಕ್ಕೂ ತೊಡೆಯ ಮೇಲೇ ಹಿಡಿದು ಕೂತೆ. ಆಟೋಗೆ ಹೋಗಿ ಬರಲು 420 ಆಯಿತು. ಹೋದ ಮೇಲೆ ಆಧಾರ್ ಜೆರಾಕ್ಸ್ ಬೇಕು ಅಂದರು, ಅದನ್ನು ಮೊದಲು ಯಾರೂ ಹೇಳಿರಲಿಲ್ಲ. ಹೊರಗೆ ಹೋಗಿ ಮಾಡಿಸಿಕೊಂಡು ಬಂದೆ. ಅರ್ಜಿಯಲ್ಲಿ ಸಿಕ್ಕಿದ ಜಾಗ, ತಾರೀಕು, ಎತ್ತರ, ಹೂವಿನ ಬಣ್ಣ, ನೆಟ್ಟದ್ದಾ ತಾನಾಗಿ ಬಂದದ್ದಾ, ಸ್ಥಳೀಯ ಹೆಸರು ಎಲ್ಲ ತುಂಬಬೇಕು. ಸ್ಥಳೀಯ ಹೆಸರಿನ ಜಾಗ ಖಾಲಿ ಬಿಟ್ಟೆ. ಶುಲ್ಕ 300. ಹನ್ನೊಂದಕ್ಕೆ ಹೋದವಳು ಎರಡೂವರೆವರೆಗೆ ಬೆಂಚಿನ ಮೇಲೆ ಕೂತೆ. ಊಟದ ಡಬ್ಬಿ ತೆಗೆದುಕೊಂಡು ಹೋಗಿ, ಹತ್ತಿರದಲ್ಲಿ ಹೋಟೆಲ್ ಇರುವುದಿಲ್ಲ.

ನೋಡಿದವರು ವಯಸ್ಸಾದ ಒಬ್ಬರು. ಬಾಟಲಿಯಿಂದ ಹೂವು ತೆಗೆದು ನೀರಿನ ತಟ್ಟೆಯಲ್ಲಿ ತೇಲಿಬಿಟ್ಟರು. ಬಣ್ಣ ಪೂರ್ತಿ ಹೋಗಿ ಕಂದಿತ್ತು. ಸೂಕ್ಷ್ಮದರ್ಶಕದಲ್ಲಿ ಆ ಮೀನಿನ ಬಾಲವನ್ನೇ ಬಹಳ ಹೊತ್ತು ನೋಡಿದರು. ಎಲೆಯ ಅಡಿಯನ್ನು ಲೆನ್ಸಿನಲ್ಲಿ ನೋಡಿದರು. ಎದ್ದು ಹೋಗಿ ಬೀರುವಿನಿಂದ ಒಂದು ಕಡತ ತಂದರು. ಹಳದಿಗೆ ತಿರುಗಿದ ಹಾಳೆಯ ಮೇಲೆ ನಮ್ಮದೇ ಎಲೆ, ನಮ್ಮದೇ ಗುಂಡು ಗಂಟುಗಳು. ಪಕ್ಕಪಕ್ಕ ಇಟ್ಟರು.

"ಕೆಂಫೇರಿಯಾ ರೋಟುಂಡಾ. ಅನುಮಾನ ಇಲ್ಲ ಅಮ್ಮಾ."

ಹಳೆಯ ಹಾಳೆಯ ಮೂಲೆಯ ಚೀಟಿಯಲ್ಲಿ ಸ್ಥಳೀಯ ಹೆಸರು ಅನ್ನುವ ಸಾಲಿನ ಮುಂದೆ ಟೈಪ್ ಮಾಡಿತ್ತು: ನೆಲಸಂಪಿಗೆ.

ನಾನು ಮಾತಾಡಲಿಲ್ಲ. ಅವರೇ ಹೇಳುತ್ತಾ ಹೋದರು. ರೋಟುಂಡಾ ಅಂದರೆ ಗುಂಡಗಿರುವುದು. ಕೆಂಫೇರಿಯಾ ಅನ್ನುವುದು 1690ರ ದಶಕದ ಶುರುವಿನಲ್ಲಿ ಜಪಾನಿನಲ್ಲಿದ್ದ ಎಂಗೆಲ್ಬರ್ಟ್ ಕೆಂಫರ್ ಅನ್ನುವ ಜರ್ಮನ್ ವೈದ್ಯನ ಹೆಸರು. ಸ್ವೀಡನ್ನಿನ ಸಸ್ಯಶಾಸ್ತ್ರಜ್ಞ ಲಿನೇಯಸ್ 1753ರಲ್ಲಿ ಈ ಹೆಸರು ಕೊಟ್ಟ. ಅದಕ್ಕೂ ಮೊದಲೇ ಕೇರಳದ ಗಿಡಗಳ ಬಗ್ಗೆ 1678ರಿಂದ 1693ರವರೆಗೆ ಆಮ್ಸ್ಟರ್‌ಡ್ಯಾಮ್‌ನಲ್ಲಿ 12 ಸಂಪುಟಗಳಾಗಿ ಅಚ್ಚಾದ ಹೋರ್ಟಸ್ ಮಲಬಾರಿಕಸ್‌ನಲ್ಲಿ ಮಲನ್ ಕುವಾ ಅಂತ ಇದರ ಚಿತ್ರ ಇದೆ. ಹಿಂದಿಯಲ್ಲಿ ಭೂಮಿ ಚಂಪಾ, ಮರಾಠಿಯಲ್ಲಿ ಭುಯಿಚಾಂಪಾ. ಎಲ್ಲ ಕಡೆಯೂ ಜನ ಕಂಡದ್ದು ಅದನ್ನೇ, ನೆಲದಿಂದ ಏಳುವ ಸಂಪಿಗೆ. ಕೆಂಡಸಂಪಿಗೆ ಮರಕ್ಕೂ ಇದಕ್ಕೂ ಯಾವ ನೆಂಟಸ್ತಿಕೆಯೂ ಇಲ್ಲ. ವಿಷದ ಗಿಡ ಅಲ್ಲ ಅಂತಲೂ ಹೇಳಿದರು. ಹಾಗಂತ ಗೊತ್ತಿಲ್ಲದೆ ಮನೆಮದ್ದು ಮಾಡಬೇಡಿ ಅಂದರು.

ನನ್ನ ಅರ್ಜಿಯನ್ನು ವಾಪಸ್ ಕೇಳಿ, ಖಾಲಿ ಬಿಟ್ಟ ಜಾಗದಲ್ಲಿ ಕನ್ನಡದಲ್ಲಿ ನೆಲಸಂಪಿಗೆ ಅಂತ ಬರೆದೆ. ನಮ್ಮ ಒಣ ಗಿಡವನ್ನೂ ಅಲ್ಲೇ ಇಟ್ಟುಕೊಂಡರು. ಸಹಿ ಮಾಡಿದ ಪತ್ರ ಜುಲೈ 18ಕ್ಕೆ ಅಂಚೆಯಲ್ಲಿ ಬಂತು.

ಬೆಂಗಳೂರಿನ ಬಸ್ ಸ್ಟ್ಯಾಂಡಿನಿಂದಲೇ ಕೊಪ್ಪಕ್ಕೆ ಫೋನ್ ಮಾಡಿದೆ. "ಚಿಕ್ಕಮ್ಮಾ, ನೀವು ಹೇಳಿದ್ದೇ. ನಾನು ಅವತ್ತು ಕೇಳಿಸಿಕೊಳ್ಳಬೇಕಿತ್ತು" ಅಂದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ ಅಂದರು, "ಅಕ್ಕ ಮದುವೆಯಾಗಿ ಮೈಸೂರಿಗೆ ಹೊರಟಾಗ ಅಮ್ಮ ತುಳಸಿಕಟ್ಟೆ ಬುಡದಿಂದ ಎರಡು ಗೆಡ್ಡೆ ಕಿತ್ತು ಸೆರಗಿಗೆ ಕಟ್ಟಿದ್ರು. ಬದುಕಿತೋ ಇಲ್ವೋ ಅಂತ ನಾ ಯಾವತ್ತೂ ಕೇಳ್ಲಿಲ್ಲ. ಇಲ್ಲಿ ನಮ್ಮದು ಅಂಗಳಕ್ಕೆ ಸಿಮೆಂಟ್ ಹಾಕಿದಾಗ ಹೋಯ್ತು."

ಮೇಸ್ತ್ರಿ ಆಗಸ್ಟಿನಲ್ಲಿ ಬಂದು ಕಲ್ಲು ಹಾಸಿ ಕೊಟ್ಟರು, ಪಾತಿಯ ನಾಲ್ಕಡಿ ಆರಡಿ ಬಿಟ್ಟು. ಸ್ಕೂಟರ್ ಈಗ ಗೇಟಿನ ಹೊರಗೆ ನಿಲ್ಲುತ್ತದೆ. ಪಾತಿಯಲ್ಲಿ ಇವತ್ತಿಗೆ ಹದಿನಾಲ್ಕು ಎಲೆ ಇವೆ. ಚಳಿಗಾಲಕ್ಕೆ ಹಳದಿಯಾಗಿ ಒಣಗುತ್ತವಂತೆ, ಆಗ ಪಾತಿ ಮತ್ತೆ ಖಾಲಿ ಕಾಣುತ್ತದೆ. ಯಾರೂ ಅಗೆಯಬಾರದು ಅಂತ ಒಂದು ಕಲ್ಲಿನ ಮೇಲೆ ಪೇಂಟಿನಲ್ಲಿ ಹೆಸರು ಬರೆದು ಇಟ್ಟಿದ್ದೇನೆ. ಗೆಡ್ಡೆ ಕೀಳಲು ಆ ಒಣಗಿದ ಹೊತ್ತೇ ಸರಿಯಂತೆ. ಜನವರಿಯಲ್ಲಿ ಎರಡು ಗೆಡ್ಡೆ ತೆಗೆದು ಕೊಪ್ಪಕ್ಕೆ ಹೋಗಬೇಕು. ಕೊರಿಯರ್ ಮಾಡ್ತೀಯಾ ಅಂತ ಚಿಕ್ಕಮ್ಮ ಕೇಳಿದರು. ಬೇಡ, ನಾನೇ ತರ್ತೀನಿ ಅಂದಿದ್ದೇನೆ.